ತಮ್ಮದೇ ಕಡತಕ್ಕೆ ಯಾರದೋ ಬೀಗ

ಅನಾಥಾಲಯ, ವಸತಿ ಶಾಲೆ, ಮಹಿಳಾ ಆಶ್ರಯಗೃಹಗಳಂತಹ ಸಂಸ್ಥೆಗಳಲ್ಲಿ ದಶಕಗಳ ಹಿಂದೆ ನಡೆದ ದೌರ್ಜನ್ಯವನ್ನು ಕುರಿತು ಸರ್ಕಾರವೊಂದು ವಿಚಾರಣಾ ಆಯೋಗವನ್ನು ನೇಮಿಸಿದಾಗ ಎಲ್ಲರ ಗಮನವೂ ಆಯೋಗದ ವರದಿಯ ಮೇಲೆಯೇ ನೆಟ್ಟಿರುತ್ತದೆ. ವರದಿ ಹೊರಬಂದು, ಸರ್ಕಾರದ ಮುಖ್ಯಸ್ಥರು ಸದನದಲ್ಲಿ ಕ್ಷಮೆ ಕೋರಿ, ಪರಿಹಾರ ಘೋಷಣೆಯಾಯಿತೆಂದರೆ ಪ್ರಕರಣ ಮುಗಿಯಿತೆಂದೇ ಬಹುತೇಕರು ಭಾವಿಸುತ್ತಾರೆ. ಆದರೆ ಆ ವರದಿಯನ್ನು ಬರೆಯುವುದಕ್ಕಾಗಿ ಆಯೋಗ ಕಲೆಹಾಕಿದ ಕಾಗದಪತ್ರಗಳ ರಾಶಿ ವರದಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ, ಮತ್ತು ಅದರೊಳಗೆ ಸಾವಿರಾರು ಮಂದಿಯ ಹುಟ್ಟು, ಹೆತ್ತವರ ಹೆಸರು, ಒಡಹುಟ್ಟಿದವರ ಜಾಡು, ಉಂಡ ಹೊಡೆತ, ಆದ ಕಾಯಿಲೆಗಳ ವಿವರಗಳು ಸೇರಿಕೊಂಡಿರುತ್ತವೆ. ಆಯೋಗ ವಿಸರ್ಜನೆಯಾದ ಮೇಲೆ ಈ ರಾಶಿ ಎಲ್ಲಿರಬೇಕು, ಎಷ್ಟು ಕಾಲ ಇರಬೇಕು, ಅದನ್ನು ಯಾರು ತೆರೆದು ನೋಡಬಹುದು ಎಂಬುದನ್ನು ನಿರ್ಧರಿಸುವ ಕಾನೂನು ಎಲ್ಲಿಯೂ ಸುಲಭವಾಗಿ ರೂಪುಗೊಂಡಿಲ್ಲ. ಕಳೆದ ಕಾಲು ಶತಮಾನದಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿ, ಎಡವಿ, ತಿದ್ದಿಕೊಳ್ಳಲು ಹೆಣಗಿದ ದೇಶ ಐರ್ಲೆಂಡ್. ಆದ್ದರಿಂದ ಈ ಬಗೆಯ ಶಾಸನದ ತೊಡಕುಗಳನ್ನು ಅರಿಯಲು ಅಲ್ಲಿನ ಅನುಭವ ಬಹಳ ನೆರವಾಗುತ್ತದೆ.

ಮೂರು ಬಗೆಯ ಕಾಗದ

ಈ ಚರ್ಚೆಯಲ್ಲಿ 'ದಾಖಲೆ' ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ವಸ್ತುಗಳು ಅಡಗಿವೆ. ಮೊದಲನೆಯದು ಸಂಸ್ಥೆಗಳೇ ಆಯಾ ಕಾಲದಲ್ಲಿ ಬರೆದಿಟ್ಟ ವ್ಯಕ್ತಿಗತ ದಾಖಲೆ: ಮಗುವನ್ನು ಸೇರಿಸಿಕೊಂಡ ದಿನದ ನೋಂದಣಿ ಪುಸ್ತಕ, ಔಷಧಿ ಕೊಟ್ಟ ಚೀಟಿ, ದತ್ತು ಕೊಟ್ಟ ಪತ್ರ, ಸತ್ತರೆ ಸಾವಿನ ಟಿಪ್ಪಣಿ. ಎರಡನೆಯದು ಆಡಳಿತದ ದಾಖಲೆ: ಸರ್ಕಾರದ ಇಲಾಖೆಗೂ ಸಂಸ್ಥೆಗೂ ನಡುವೆ ನಡೆದ ಪತ್ರವ್ಯವಹಾರ, ತಪಾಸಣಾಧಿಕಾರಿಗಳ ವರದಿ, ತಲೆಗೆ ಇಷ್ಟು ಎಂದು ಕೊಟ್ಟ ಅನುದಾನದ ಲೆಕ್ಕ. ಮೂರನೆಯದು ಆಯೋಗವೇ ಹುಟ್ಟುಹಾಕಿದ ದಾಖಲೆ: ಬದುಕುಳಿದವರು ಕೊಟ್ಟ ಸಾಕ್ಷ್ಯ, ಅದರ ಧ್ವನಿಮುದ್ರಣ, ಸಂಸ್ಥೆಗಳ ಪ್ರತಿವಾದ, ವರದಿಯ ಕರಡುಗಳು. ಇಲ್ಲಿ 'ಬದುಕುಳಿದವರು' ಎಂಬ ಪದವೂ ವಿವರಣೆಯನ್ನು ಬೇಡುತ್ತದೆ. 'ಸಂತ್ರಸ್ತರು' ಎಂಬ ಮಾತು ವ್ಯಕ್ತಿಯನ್ನು ಆಕೆಗೋ ಆತನಿಗೋ ಆದ ಅನ್ಯಾಯದಿಂದ ಮಾತ್ರ ಗುರುತಿಸುವುದರಿಂದ, ಅದನ್ನು ದಾಟಿ ಬಂದು ಈಗ ಹಕ್ಕು ಕೇಳುತ್ತಿರುವ ನಾಗರಿಕರು ತಮ್ಮನ್ನು ಬದುಕುಳಿದವರೆಂದು ಕರೆದುಕೊಳ್ಳಲು ಬಯಸುತ್ತಾರೆ.

ಮೂರೂ ಬಗೆಯ ದಾಖಲೆಗಳ ಮೇಲೆ ಇರಬಹುದಾದ ಹಕ್ಕು ಒಂದೇ ಅಲ್ಲ. ಮೊದಲನೆಯದರಲ್ಲಿ ಕೇಳುವವರದೇ ಬದುಕಿದೆ, ಜೊತೆಗೆ ಅವರ ತಾಯಿಯ ಬದುಕೂ ಇರಬಹುದು. ಎರಡನೆಯದು ಸರ್ಕಾರದ ನಡವಳಿಕೆಯ ಚರಿತ್ರೆಯಾದ್ದರಿಂದ ಅದು ಸಮಾಜಕ್ಕೆಲ್ಲ ಸೇರಿದ್ದು. ಮೂರನೆಯದು ವಿಶ್ವಾಸದ ಮೇಲೆ ಹೇಳಿದ ಮಾತು. ಅದರ ಒಡೆತನ ಹೇಳಿದವರಲ್ಲಿಯೇ ಉಳಿಯಬೇಕೆಂಬ ವಾದಕ್ಕೆ ಬಲವಿದೆ. ಐರ್ಲೆಂಡಿನ ಶಾಸನಗಳು ಎಡವಿದ್ದು ಬಹುಪಾಲು ಇಲ್ಲಿಯೇ. ಅವು ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ, ಅದರ ಮೇಲೆ ಒಂದು ವರ್ಷಸಂಖ್ಯೆಯನ್ನು ಬರೆದು, ಮೊಹರು ಹಾಕಲು ಹೊರಟವು.

ಭಾರತದ ಓದುಗರಿಗೆ ಪರಿಚಿತವಾದ 2005ರ ಮಾಹಿತಿ ಹಕ್ಕು ಕಾಯ್ದೆಗೂ ಈ ವಿಷಯಕ್ಕೂ ಇರುವ ಅಂತರವನ್ನು ಇಲ್ಲಿಯೇ ಗಮನಿಸಬೇಕು. ಮಾಹಿತಿ ಹಕ್ಕು ಮುಖ್ಯವಾಗಿ ನಾಗರಿಕರು ಸರ್ಕಾರದ ಕೆಲಸವನ್ನು ಪ್ರಶ್ನಿಸುವ ಸಾಧನ. ಬದುಕುಳಿದವರು ಕೇಳುತ್ತಿರುವುದಾದರೋ ಬಹುಮಟ್ಟಿಗೆ ತಮ್ಮನ್ನೇ ಕುರಿತ ಮಾಹಿತಿ. ತಾಯಿಯ ಹೆಸರೇನು, ತನ್ನ ನಿಜವಾದ ಜನ್ಮದಿನ ಯಾವುದು, ಮನೆತನದಲ್ಲಿ ಯಾವ ಕಾಯಿಲೆಯಿತ್ತು, ತನ್ನನ್ನು ಯಾವ ನ್ಯಾಯಾಲಯದ ಯಾವ ಆದೇಶದ ಮೇಲೆ ಒಳಗೆ ಹಾಕಿದರು ಎಂಬ ಪ್ರಶ್ನೆಗಳಿಗೆ ಮನೆಯಲ್ಲಿ ಬೆಳೆದವರು ಉತ್ತರವನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯುತ್ತಾರೆ. ಸಂಸ್ಥೆಯಲ್ಲಿ ಬೆಳೆದವರಿಗೆ ಆ ಹಿರಿಯರ ಸ್ಥಾನದಲ್ಲಿರುವುದು ಕಡತವೊಂದೇ.

ಗೋಪ್ಯತೆಯ ಮಾತು ಕೊಟ್ಟ ಕಾನೂನುಗಳು

1999ರಲ್ಲಿ ಪತ್ರಕರ್ತೆ ಮೇರಿ ರಾಫ್ಟರಿ ಅವರು ಐರಿಷ್ ದೂರದರ್ಶನಕ್ಕಾಗಿ ತಯಾರಿಸಿದ ಸಾಕ್ಷ್ಯಚಿತ್ರ ಸರಣಿ, ಕ್ಯಾಥೊಲಿಕ್ ಧಾರ್ಮಿಕ ಸಂಘಗಳು ಸರ್ಕಾರದ ಹಣದಿಂದ ನಡೆಸುತ್ತಿದ್ದ 'ಇಂಡಸ್ಟ್ರಿಯಲ್ ಸ್ಕೂಲ್'ಗಳಲ್ಲಿ, ಅಂದರೆ ಬಡ, ಅನಾಥ ಅಥವಾ ಸಣ್ಣಪುಟ್ಟ ತಪ್ಪು ಮಾಡಿದ ಮಕ್ಕಳನ್ನು ನ್ಯಾಯಾಲಯದ ಆದೇಶದ ಮೇಲೆ ಇರಿಸಿಕೊಂಡು ಕೆಲಸ ಮಾಡಿಸುತ್ತಿದ್ದ ವಸತಿ ಶಾಲೆಗಳಲ್ಲಿ, ಏನು ನಡೆದಿತ್ತೆಂಬುದನ್ನು ಮನೆಮನೆಗೆ ತಲುಪಿಸಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಪ್ರಧಾನಿ ಬರ್ಟಿ ಅಹರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು, ಮತ್ತು 2000ನೇ ಇಸವಿಯ ಕಾಯ್ದೆಯೊಂದು ಮಕ್ಕಳ ಮೇಲಿನ ದೌರ್ಜನ್ಯದ ವಿಚಾರಣೆಗೆ ಆಯೋಗವನ್ನು ಸ್ಥಾಪಿಸಿತು. ಮೊದಲ ಅಧ್ಯಕ್ಷೆ ನ್ಯಾಯಮೂರ್ತಿ ಮೇರಿ ಲಾಫಾಯ್ ಅವರ ರಾಜೀನಾಮೆಯ ನಂತರ ನ್ಯಾಯಮೂರ್ತಿ ಷಾನ್ ರಯಾನ್ ಮುನ್ನಡೆಸಿದ್ದರಿಂದ ರಯಾನ್ ಆಯೋಗವೆಂದೇ ಹೆಸರಾದ ಇದು 2009ರ ಮೇ 20ರಂದು ಐದು ಸಂಪುಟಗಳ ವರದಿಯನ್ನು ಪ್ರಕಟಿಸಿತು.

ಆಯೋಗದಲ್ಲಿ ಎರಡು ಸಮಿತಿಗಳಿದ್ದವು. ತನಿಖಾ ಸಮಿತಿ ನ್ಯಾಯಾಲಯದ ಮಾದರಿಯಲ್ಲಿ ಎರಡೂ ಕಡೆಯವರನ್ನು ಪ್ರಶ್ನಿಸುತ್ತಿದ್ದರೆ, ಗೋಪ್ಯ ಸಮಿತಿಯ ಮುಂದೆ ಬದುಕುಳಿದವರು ವಕೀಲರ ಪಾಟೀಸವಾಲಿಗೆ ಒಳಗಾಗದೆ ತಮ್ಮ ಕಥೆಯನ್ನು ಹೇಳಿಕೊಳ್ಳಬಹುದಾಗಿತ್ತು. ಹಾಗೆ ಹೇಳಿದ 1,090 ಮಂದಿಯ ಮಾತುಗಳಲ್ಲಿ 216 ಸಂಸ್ಥೆಗಳ ಪ್ರಸ್ತಾಪವಿತ್ತು. ಹೇಳಿದ್ದು ಹೊರಗೆ ಹೋಗದೆಂಬ ಭರವಸೆಯನ್ನು ಕಾಯ್ದೆಯೇ ಕೊಟ್ಟಿತ್ತು. ಐವತ್ತು ವರ್ಷ ಹೆಂಡತಿ ಮಕ್ಕಳಿಗೂ ಹೇಳದೆ ನುಂಗಿಕೊಂಡಿದ್ದ ಸಂಗತಿಯನ್ನು ಅಪರಿಚಿತರ ಮುಂದೆ ಬಿಚ್ಚಿಡಬೇಕಾದವರಿಗೆ ಅಂತಹ ಭರವಸೆ ಅಗತ್ಯವೇ ಆಗಿತ್ತು.

2002ರಲ್ಲಿ ಬಂದ ಪರಿಹಾರ ಕಾಯ್ದೆ ಗೋಪ್ಯತೆಯ ಅರ್ಥವನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿತು. ಅದರ ಅಡಿಯಲ್ಲಿ ರಚನೆಯಾದ ಪರಿಹಾರ ಮಂಡಳಿ 15 ಸಾವಿರಕ್ಕೂ ಹೆಚ್ಚು ಮಂದಿಗೆ ಹಣ ಕೊಟ್ಟಿತಾದರೂ, ಹಣ ಪಡೆದವರು ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡಬೇಕಿತ್ತು; ಅಲ್ಲದೆ ಅರ್ಜಿಯನ್ನಾಗಲಿ ಪರಿಹಾರವನ್ನಾಗಲಿ ಕುರಿತು, ಅರ್ಜಿದಾರರೂ ಸೇರಿದಂತೆ ಯಾವುದೇ ವ್ಯಕ್ತಿಯ ಅಥವಾ ಸಂಸ್ಥೆಯ ಗುರುತು ಸಿಗುವಂತೆ ಮಾಹಿತಿ ಪ್ರಕಟಿಸುವುದನ್ನು 28ನೇ ಸೆಕ್ಷನ್ ದಂಡ ಮತ್ತು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧವೆಂದು ಸಾರಿತು. ತಾನು ಅನುಭವಿಸಿದ್ದನ್ನು ಮಂಡಳಿಗೆ ಹೇಳಿ ಪರಿಹಾರ ಪಡೆದೆನೆಂದು ಹೆಸರು ಹಿಡಿದು ಸಾರ್ವಜನಿಕವಾಗಿ ಹೇಳಿಕೊಳ್ಳುವುದಕ್ಕೂ ಬದುಕುಳಿದವರು ಅಂಜಬೇಕಾಯಿತು. ಸಾಕ್ಷಿಗೆ ರಕ್ಷಣೆಯೆಂದು ಹೊರಟ ಗೋಪ್ಯತೆ ಈ ಹಂತದಲ್ಲಿ ಸಾಕ್ಷಿಯ ಬಾಯಿಗೇ ಬಟ್ಟೆ ಕಟ್ಟಿತೆಂಬ ಟೀಕೆ ಎದ್ದದ್ದು ಸಹಜ.

ಎಪ್ಪತ್ತೈದು ವರ್ಷಗಳ ಮಸೂದೆ

ಕೆಲಸ ಮುಗಿಸಿದ ಈ ಸಂಸ್ಥೆಗಳ ದಾಖಲೆಗಳನ್ನು ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 2019ರಲ್ಲಿ ಶಿಕ್ಷಣ ಸಚಿವ ಜೋ ಮೆಕ್‌ಹ್ಯೂ ಅವರ ಇಲಾಖೆ 'ದಾಖಲೆಗಳ ಸಂರಕ್ಷಣಾ ಮಸೂದೆ'ಯನ್ನು ತಂದಿತು. ರಯಾನ್ ಆಯೋಗ, ಪರಿಹಾರ ಮಂಡಳಿ ಮತ್ತು ಮಂಡಳಿಯ ತೀರ್ಮಾನಗಳನ್ನು ಮರುಪರಿಶೀಲಿಸುವ ಸಮಿತಿ, ಈ ಮೂರರ ದಾಖಲೆಗಳನ್ನೂ ಡಬ್ಲಿನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿ, ಕನಿಷ್ಠ 75 ವರ್ಷ ಯಾರೂ ತೆರೆಯದಂತೆ ಮುಚ್ಚಿಡಬೇಕೆಂಬುದು ಅದರ ತಿರುಳು. ಸಾರ್ವಜನಿಕ ಮಹತ್ವದ ಕಾಗದಪತ್ರಗಳನ್ನು ಶಾಶ್ವತವಾಗಿ ಕಾಪಿಟ್ಟು, ಗೊತ್ತಾದ ಅವಧಿಯ ನಂತರ ಸಂಶೋಧಕರಿಗೆ ಒದಗಿಸುವ ಸರ್ಕಾರಿ ಸಂಸ್ಥೆಯೇ ಪತ್ರಾಗಾರ. ಐರ್ಲೆಂಡಿನಲ್ಲಿ 1986ರ ಕಾಯ್ದೆಯ ಪ್ರಕಾರ ಆ ಅವಧಿ ಸಾಮಾನ್ಯವಾಗಿ 30 ವರ್ಷ.

ಸರ್ಕಾರದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಗೋಪ್ಯವಾಗಿರುತ್ತದೆಂಬ ಮಾತಿನ ಮೇಲೆ ಕೊಟ್ಟ ಹೇಳಿಕೆಗಳನ್ನು ಹೇಳಿದವರು ಬದುಕಿರುವಾಗಲೇ ತೆರೆದರೆ ವಿಶ್ವಾಸದ್ರೋಹವಾಗುತ್ತದೆ, ತೆರೆಯಲಾಗದ ಕಾಗದವನ್ನು ಇಟ್ಟುಕೊಳ್ಳಲು ಕಾನೂನಿನ ಆಧಾರವೂ ಇಲ್ಲದೆ ಹೋದರೆ ನಾಶಮಾಡಬೇಕಾದೀತು, ಆದ್ದರಿಂದ ನಾಶಕ್ಕಿಂತ ದೀರ್ಘ ಮೊಹರೇ ಮೇಲು ಎಂಬುದು ಆ ವಾದದ ಸಾರ. ಆದರೆ ಮಸೂದೆ, ಅಪರಿಚಿತ ಸಂಶೋಧಕ ಮತ್ತೊಬ್ಬರ ಸಾಕ್ಷ್ಯವನ್ನು ಓದುವುದಕ್ಕೂ, ಹೇಳಿದವರೇ ತಮ್ಮ ಸಾಕ್ಷ್ಯದ ಪ್ರತಿಯನ್ನು ಕೇಳುವುದಕ್ಕೂ ವ್ಯತ್ಯಾಸ ಮಾಡಿರಲಿಲ್ಲ. 1950ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿನಲ್ಲಿ ಇಂಡಸ್ಟ್ರಿಯಲ್ ಸ್ಕೂಲಿನಲ್ಲಿದ್ದವರೊಬ್ಬರು ತಾವೇ ಸಹಿ ಮಾಡಿ ಕೊಟ್ಟ ಹೇಳಿಕೆಯನ್ನು ನೋಡಲು 2094ರವರೆಗೆ, ಅಂದರೆ ತಮ್ಮ 144ನೆಯ ವಯಸ್ಸಿನವರೆಗೆ ಕಾಯಬೇಕಾಗುತ್ತಿತ್ತು. ಸಾಕ್ಷಿಗಳ ಗೋಪ್ಯತೆಯ ಹೆಸರಿನಲ್ಲಿ ಇಲಾಖೆಯ ಸ್ವಂತ ಆಡಳಿತ ಪತ್ರಗಳೂ, ಸಂಸ್ಥೆಗಳು ಸಲ್ಲಿಸಿದ್ದ ಕಾಗದಗಳೂ ಅದೇ ಪೆಟ್ಟಿಗೆಯೊಳಗೆ ಸೇರಿಹೋಗುತ್ತಿದ್ದುದು ಮತ್ತೊಂದು ಆಕ್ಷೇಪ. ಮುಚ್ಚುಗೆಯಿಂದ ಲಾಭ ಸಾಕ್ಷಿಗೋ ಇಲಾಖೆಗೋ ಎಂಬ ಪ್ರಶ್ನೆಯನ್ನು ವಿಮರ್ಶಕರು ಎತ್ತಿದರು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ಕಾಗದವನ್ನು ಏನು ಮಾಡಬೇಕೆಂದು ಬದುಕುಳಿದ ಒಬ್ಬೊಬ್ಬರನ್ನೂ ಕೇಳಿ ತಿಳಿಯುವ ಏರ್ಪಾಡೇ ಮಸೂದೆಯಲ್ಲಿರಲಿಲ್ಲ. ಸಂಸದೀಯ ಸಮಿತಿಯ ಮುಂದೆ ತೀವ್ರ ವಿರೋಧವನ್ನು ಕಂಡ ಈ ಮಸೂದೆ, 2020ರ ಜನವರಿಯಲ್ಲಿ ಸಂಸತ್ತಿನ ಕೆಳಮನೆಯಾದ ಡಾಯಿಲ್ ವಿಸರ್ಜನೆಯಾದಾಗ ತಾನಾಗಿಯೇ ಬಿದ್ದುಹೋಯಿತು.

2020ರ ಅಕ್ಟೋಬರ್

ಅದೇ ವರ್ಷ ಪ್ರಶ್ನೆ ಇನ್ನೊಂದು ರೂಪದಲ್ಲಿ ಮರಳಿ ಬಂತು. ಮದುವೆಯಾಗದೆ ಗರ್ಭಿಣಿಯರಾದ ಹೆಣ್ಣುಮಕ್ಕಳನ್ನು ಕುಟುಂಬದಿಂದ ದೂರವಿಟ್ಟು ಹೆರಿಗೆ ಮಾಡಿಸಿ, ಮಗುವನ್ನು ಹೆಚ್ಚಾಗಿ ತಾಯಿಯಿಂದ ಬೇರ್ಪಡಿಸಿ ದತ್ತು ಕೊಡುತ್ತಿದ್ದ 'ತಾಯಿ-ಶಿಶು ಗೃಹ'ಗಳ ತನಿಖೆಗಾಗಿ 2015ರಲ್ಲಿ ನ್ಯಾಯಾಧೀಶೆ ಇವಾನ್ ಮರ್ಫಿ ಅವರ ನೇತೃತ್ವದ ಆಯೋಗ ನೇಮಕಗೊಂಡಿತ್ತು. ಈ ತನಿಖೆಗೆ ಪ್ರೇರಣೆ ಗಾಲ್ವೇ ಜಿಲ್ಲೆಯ ಟೂಮ್ ಪಟ್ಟಣದ ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಅವರ ಶ್ರಮ. ಬಾನ್ ಸೆಕೂರ್ ಸನ್ಯಾಸಿನಿಯರು 1925ರಿಂದ 1961ರವರೆಗೆ ಅಲ್ಲಿ ನಡೆಸಿದ ಗೃಹದಲ್ಲಿ ತೀರಿಕೊಂಡ 796 ಮಕ್ಕಳ ಮರಣ ಪತ್ರಗಳನ್ನು ಅವರು ನೋಂದಣಿ ಕಚೇರಿಯಿಂದ ಪಡೆದು, ಆ ಮಕ್ಕಳನ್ನು ಹೂತ ಬಗ್ಗೆ ಸ್ಮಶಾನಗಳ ಪುಸ್ತಕಗಳಲ್ಲಿ ದಾಖಲೆಯಿಲ್ಲವೆಂದು ತೋರಿಸಿಕೊಟ್ಟಿದ್ದರು. ಆಯೋಗವು 14 ತಾಯಿ-ಶಿಶು ಗೃಹಗಳನ್ನೂ, ಬಡವರ ಆಸರೆಗಾಗಿ ಇದ್ದ 4 ಕೌಂಟಿ ಗೃಹಗಳನ್ನೂ ಪರಿಶೀಲಿಸಿ, 1922ರಿಂದ 1998ರವರೆಗಿನ ಅವಧಿಯಲ್ಲಿ ಅವುಗಳಲ್ಲಿ ಸುಮಾರು 56 ಸಾವಿರ ತಾಯಂದಿರೂ 57 ಸಾವಿರ ಮಕ್ಕಳೂ ಇದ್ದರೆಂದು, ಮಕ್ಕಳಲ್ಲಿ ಸುಮಾರು 9 ಸಾವಿರ ಮಂದಿ ಸತ್ತರೆಂದು ಅಂದಾಜು ಮಾಡಿತು. ಇದಕ್ಕಾಗಿ ತಾಯಿ ಮತ್ತು ಮಗುವಿನ ಹೆಸರುಗಳನ್ನು ಜೋಡಿಸುವ ದತ್ತಾಂಶ ಕೋಶವೊಂದನ್ನು ಅದು ಕಟ್ಟಿತ್ತು. ಹೆತ್ತವರನ್ನು ಹುಡುಕುತ್ತಿರುವವರಿಗೆ ಇದಕ್ಕಿಂತ ಬೆಲೆಯುಳ್ಳ ದಾಖಲೆ ಮತ್ತೊಂದಿರಲಾರದು.

ಆದರೆ ಆಯೋಗ ರಚನೆಯಾದದ್ದು 2004ರ ತನಿಖಾ ಆಯೋಗಗಳ ಕಾಯ್ದೆಯ ಅಡಿಯಲ್ಲಿ. ಆ ಕಾಯ್ದೆಯಂತೆ ಆಯೋಗದ ದಾಖಲೆಗಳು ಸಚಿವರ ವಶಕ್ಕೆ ಹೋಗಿ 30 ವರ್ಷ ಮುಚ್ಚಿರಬೇಕು. ದತ್ತಾಂಶ ಕೋಶದಲ್ಲಿನ ಹೆಸರುಗಳನ್ನು ಅಳಿಸಬೇಕಾಗುತ್ತದೆ, ಅಳಿಸಿದರೆ ಅದು ಯಾವ ಕೆಲಸಕ್ಕೂ ಬಾರದಂತಾಗುತ್ತದೆ ಎಂದು ಆಯೋಗವೇ ಎಚ್ಚರಿಸಿತ್ತು. ಅದನ್ನು ಉಳಿಸಿ, ಮಕ್ಕಳ ಮತ್ತು ಕುಟುಂಬ ಕಲ್ಯಾಣದ ಸರ್ಕಾರಿ ಸಂಸ್ಥೆಯಾದ ಟುಸ್ಲಾಕ್ಕೆ ವರ್ಗಾಯಿಸುವುದಕ್ಕೆಂದು ಸಚಿವ ರೋಡ್ರಿಕ್ ಒಗಾರ್ಮನ್ 2020ರ ಅಕ್ಟೋಬರಿನಲ್ಲಿ ತುರ್ತು ಮಸೂದೆಯನ್ನು ಮಂಡಿಸಿದರು. ಮಸೂದೆಯ ಉದ್ದೇಶ ಉಳಿಸುವುದೇ ಆಗಿದ್ದರೂ, ಉಳಿದ ದಾಖಲೆಗಳಿಗೆ 30 ವರ್ಷಗಳ ಬೀಗ ಹಾಗೆಯೇ ಇರುತ್ತದೆ, ಬದುಕುಳಿದವರು ತಮ್ಮ ವೈಯಕ್ತಿಕ ಮಾಹಿತಿಯನ್ನೂ ಕೇಳುವಂತಿಲ್ಲ ಎಂಬ ಸರ್ಕಾರದ ನಿಲುವು ದೇಶದಾದ್ಯಂತ ಆಕ್ರೋಶವನ್ನು ಎಬ್ಬಿಸಿತು. ಅಕ್ಟೋಬರ್ 25ರಂದು ಮಸೂದೆಗೆ ಅಂಕಿತ ಹಾಕಿದ ಅಧ್ಯಕ್ಷ ಮೈಕೆಲ್ ಡಿ. ಹಿಗಿನ್ಸ್, ಅದು ಎತ್ತಿದ್ದ ಕಳವಳಗಳನ್ನು ಪ್ರಸ್ತಾಪಿಸಿ ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿದರು.

ಸರ್ಕಾರದ ನಿಲುವು ಬಿದ್ದದ್ದು ಯುರೋಪಿಯನ್ ಒಕ್ಕೂಟದ ಕಾನೂನಿನ ಮುಂದೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮದ 15ನೇ ವಿಧಿ, ತನ್ನ ಬಗ್ಗೆ ಯಾವುದೇ ಸಂಸ್ಥೆ ಇಟ್ಟುಕೊಂಡ ಮಾಹಿತಿಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕನ್ನು ಪ್ರತಿ ವ್ಯಕ್ತಿಗೂ ಕೊಡುತ್ತದೆ; 23ನೇ ವಿಧಿಯ ಪ್ರಕಾರ ದೇಶಗಳು ಅದನ್ನು ಕಾನೂನಿನ ಮೂಲಕ ಮಿತಿಗೊಳಿಸಬಹುದಾದರೂ, ಮಿತಿ ಅಗತ್ಯವಿದ್ದಷ್ಟೇ ಇರಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಒಬ್ಬೊಬ್ಬರ ಕೋರಿಕೆಯನ್ನೂ ಬಿಡಿಬಿಡಿಯಾಗಿ ನೋಡದೆ ಎಲ್ಲರಿಗೂ ಒಟ್ಟಾಗಿ ಇಲ್ಲವೆನ್ನುವುದು ಈ ಅಳತೆಗೆ ನಿಲ್ಲುವುದಿಲ್ಲವೆಂದು ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗವೇ ಎತ್ತಿ ತೋರಿಸಿತ್ತು. ತಿಂಗಳು ಮುಗಿಯುವ ಮುನ್ನವೇ ಸರ್ಕಾರ ಮಣಿದು, ಆಯೋಗದ ದಾಖಲೆಗಳಿಗೂ ಈ ಹಕ್ಕು ಅನ್ವಯಿಸುತ್ತದೆಂದು ಒಪ್ಪಿಕೊಂಡಿತು.

ಅಳಿಸಿದ ದನಿ

ದಾಖಲೆ ಸಿಕ್ಕ ಮಾತ್ರಕ್ಕೆ ಅದರಲ್ಲಿರುವುದು ತಮ್ಮ ಮಾತೇ ಎಂಬ ಖಾತ್ರಿ ಇರುವುದಿಲ್ಲ. 2021ರ ಜನವರಿ 12ರಂದು ತಾಯಿ-ಶಿಶು ಗೃಹಗಳ ಆಯೋಗದ ವರದಿ ಹೊರಬಂದಾಗ, ಅದರ ಗೋಪ್ಯ ಸಮಿತಿಯ ಮುಂದೆ ಹೇಳಿಕೆ ಕೊಟ್ಟಿದ್ದ ಸುಮಾರು 550 ಮಂದಿಯಲ್ಲಿ ಹಲವರು, ಸಾರಾಂಶದಲ್ಲಿ ಬಂದಿರುವುದು ತಾವು ಹೇಳಿದ್ದಲ್ಲ ಎಂದು ದೂರಿದರು. ಹೋಲಿಸಿ ನೋಡೋಣವೆಂದರೆ ಧ್ವನಿಮುದ್ರಣಗಳನ್ನು ಆಯೋಗ ಅಳಿಸಿಹಾಕಿತ್ತು. ಟಿಪ್ಪಣಿ ಬರೆದುಕೊಳ್ಳಲು ನೆರವಾಗಲೆಂದಷ್ಟೇ ಮುದ್ರಿಸಿಕೊಂಡಿದ್ದೆವು, ಅಳಿಸುವುದಾಗಿ ಮೊದಲೇ ತಿಳಿಸಿದ್ದೆವು ಎಂದು ಆಯೋಗ ಸಮರ್ಥಿಸಿಕೊಂಡರೆ, ತಮಗೆ ಹಾಗೆ ಯಾರೂ ಹೇಳಿರಲಿಲ್ಲವೆಂದು ಅನೇಕ ಸಾಕ್ಷಿಗಳು ಪ್ರತಿಭಟಿಸಿದರು. ಫೆಬ್ರುವರಿ 28ರಂದು ಆಯೋಗ ವಿಸರ್ಜನೆಯಾಗುವ ಹೊತ್ತಿಗೆ, ಕಂಪ್ಯೂಟರಿನ ಹೆಚ್ಚುವರಿ ಪ್ರತಿಗಳಲ್ಲಿ ಆ ದನಿಗಳು ಉಳಿದುಕೊಂಡಿರುವುದು ಪತ್ತೆಯಾಗಿ, ಅವು ಮರಳಿ ದೊರೆತವು.

ಅದೇ ವರ್ಷದ ಡಿಸೆಂಬರಿನಲ್ಲಿ, ಸಾಕ್ಷ್ಯ ಕೊಟ್ಟಿದ್ದ ಬದುಕುಳಿದವರಾದ ಫಿಲೊಮಿನಾ ಲೀ ಮತ್ತು ಮೇರಿ ಹಾರ್ನಿ ಅವರ ಪ್ರಕರಣಗಳಲ್ಲಿ ಸರ್ಕಾರ ಡಬ್ಲಿನ್ನಿನ ಹೈಕೋರ್ಟಿನ ಮುಂದೆ ಮತ್ತೊಂದು ಲೋಪವನ್ನು ಒಪ್ಪಿಕೊಂಡಿತು. 2004ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ವರದಿಯಿಂದ ಯಾರ ಗುರುತು ಸಿಗುತ್ತದೆಯೋ ಅವರಿಗೆ ಸಂಬಂಧಪಟ್ಟ ಕರಡಿನ ಭಾಗವನ್ನು ಪ್ರಕಟಣೆಗೆ ಮೊದಲೇ ತೋರಿಸಿ, ಅಭಿಪ್ರಾಯ ಹೇಳಲು ಅವಕಾಶ ಕೊಡಬೇಕು. ಆಪಾದನೆಗೆ ಗುರಿಯಾದವರಿಗಷ್ಟೇ ಅಲ್ಲ, ಸಾಕ್ಷ್ಯ ಹೇಳಿದವರಿಗೂ ಈ ಹಕ್ಕು ಇತ್ತು. ಅದನ್ನು ಅವರಿಗೆ ನಿರಾಕರಿಸಲಾಗಿತ್ತು. ದಾಖಲೆಯ ಹಕ್ಕೆಂದರೆ ಕಾಗದವನ್ನು ಓದುವುದಷ್ಟೇ ಅಲ್ಲ, ತನ್ನ ಬಗ್ಗೆ ಬರೆದದ್ದು ತಪ್ಪಾಗಿದ್ದರೆ ಅದರ ಪಕ್ಕದಲ್ಲಿ ತನ್ನ ಮಾತನ್ನೂ ಸೇರಿಸುವುದು ಎಂಬುದನ್ನು ಈ ಪ್ರಕರಣ ಸ್ಪಷ್ಟಪಡಿಸಿತು. ಸಂಸ್ಥೆಗಳ ಹಳೆಯ ಕಡತಗಳಲ್ಲಂತೂ ಇದು ಮತ್ತಷ್ಟು ಮುಖ್ಯ, ಏಕೆಂದರೆ ಅಲ್ಲಿ ಮಗುವಿನ ಬಗ್ಗೆ ಬರೆದವರು ಅನೇಕ ವೇಳೆ ಅದನ್ನು ದಂಡಿಸಿದವರೇ.

ತಾಯಿಯ ಖಾಸಗಿತನ, ಮಗುವಿನ ಗುರುತು

ದಾಖಲೆಯಲ್ಲಿ ಇಬ್ಬರ ಬದುಕು ಹೆಣೆದುಕೊಂಡಿರುವಾಗ ಕಾನೂನು ಯಾರ ಪರ ನಿಲ್ಲಬೇಕೆಂಬುದು ಈ ಕ್ಷೇತ್ರದ ಅತ್ಯಂತ ಕಠಿಣ ಪ್ರಶ್ನೆ. ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 1989ರ ಗ್ಯಾಸ್ಕಿನ್ ಪ್ರಕರಣದಲ್ಲಿ ಇದಕ್ಕೆ ಒಂದು ದಾರಿಯನ್ನು ತೋರಿಸಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ನಗರಸಭೆಯ ಪಾಲನೆಯಲ್ಲಿ ಬೆಳೆದ ಗ್ರಹಾಂ ಗ್ಯಾಸ್ಕಿನ್ ತನ್ನ ಕಡತವನ್ನು ಕೇಳಿದಾಗ, ಅದರಲ್ಲಿನ ಮಾಹಿತಿಯನ್ನು ವೈದ್ಯರು, ಶಿಕ್ಷಕರು, ಸಾಕುಪೋಷಕರು ಗೋಪ್ಯವಾಗಿ ಕೊಟ್ಟದ್ದರಿಂದ ಅವರ ಒಪ್ಪಿಗೆ ಇದ್ದಷ್ಟನ್ನು ಮಾತ್ರ ಕೊಡಲಾಗುವುದೆಂದು ನಗರಸಭೆ ಹೇಳಿತ್ತು. ಒಪ್ಪಿಗೆ ಕೇಳುವುದು ತಪ್ಪಲ್ಲ, ಆದರೆ ಒಪ್ಪಿಗೆ ಸಿಗದಿದ್ದಾಗ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಸ್ವತಂತ್ರ ಪ್ರಾಧಿಕಾರವೊಂದು ಇರಲೇಬೇಕು, ಅದಿಲ್ಲದ್ದರಿಂದ ಖಾಸಗಿ ಬದುಕಿನ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಕಡತವನ್ನು ಇಟ್ಟುಕೊಂಡವರೇ ಅದರ ನ್ಯಾಯಾಧೀಶರಾಗಬಾರದೆಂಬುದು ಇದರ ತಾತ್ಪರ್ಯ.

ಐರ್ಲೆಂಡಿನ ಸುಪ್ರೀಂ ಕೋರ್ಟ್ 1998ರಲ್ಲಿ, ಹೆತ್ತ ತಾಯಿ ಯಾರೆಂದು ತಿಳಿಯುವ ಹಕ್ಕು ಸಂವಿಧಾನದಲ್ಲಿ ಅಡಕವಾಗಿದೆಯೆಂದು ಒಪ್ಪಿದರೂ, ತಾಯಿಯ ಖಾಸಗಿತನದ ಹಕ್ಕಿನೊಡನೆ ಅದನ್ನು ತೂಗಿ ನೋಡಬೇಕು, ಎರಡರಲ್ಲಿ ಯಾವುದೂ ಪರಮವಲ್ಲ ಎಂದಿತು. ಮುಂದೆ ಎರಡು ದಶಕಗಳ ಕಾಲ ಈ ತೀರ್ಪನ್ನು ಮುಂದಿಟ್ಟುಕೊಂಡು ದತ್ತು ಹೋದವರ ಕೋರಿಕೆಗಳಿಗೆ ಅಡ್ಡಿ ಹೇಳಲಾಯಿತು. ಗಂಟು ಬಿಡಿಸಲು ಬಂದದ್ದು 2022ರ ಜನನ ಮಾಹಿತಿ ಮತ್ತು ಪತ್ತೆ ಕಾಯ್ದೆ; ಅದೇ ವರ್ಷದ ಅಕ್ಟೋಬರ್ 3ರಿಂದ ಅರ್ಜಿಗಳನ್ನು ಸ್ವೀಕರಿಸತೊಡಗಿದ ಈ ವ್ಯವಸ್ಥೆಯಲ್ಲಿ 16 ವರ್ಷ ದಾಟಿದವರು ತಮ್ಮ ಜನನ ಪ್ರಮಾಣಪತ್ರ, ಎಳವೆಯ ಪಾಲನೆಯ ವಿವರ, ವೈದ್ಯಕೀಯ ಮಾಹಿತಿಗಳನ್ನು ಪಡೆಯಬಹುದು. ಶಾಸನಕಾರರು ಇಲ್ಲಿ ಮಾಹಿತಿಯನ್ನೂ ಸಂಪರ್ಕವನ್ನೂ ಬೇರ್ಪಡಿಸಿದರು: ತಾಯಿ ತನ್ನನ್ನು ಸಂಪರ್ಕಿಸಬಾರದೆಂದು ದತ್ತು ಪ್ರಾಧಿಕಾರದ ನೋಂದಣಿಯಲ್ಲಿ ಬರೆಸಬಹುದು, ಆದರೆ ಅದರಿಂದ ಮಗುವಿಗೆ ಅದರ ಹುಟ್ಟಿನ ಮಾಹಿತಿ ತಪ್ಪುವುದಿಲ್ಲ. ತಾಯಿ ಅಥವಾ ತಂದೆ ಸಂಪರ್ಕ ಬೇಡವೆಂದು ಬರೆಸಿದ್ದ ಸಂದರ್ಭದಲ್ಲಿ, ಮಾಹಿತಿ ಕೊಡುವ ಮುನ್ನ ಅರ್ಜಿದಾರರಿಗೆ ಆ ಇಚ್ಛೆಯನ್ನು ವಿವರಿಸುವ ಮಾತುಕತೆಯೊಂದು ಕಡ್ಡಾಯ. ನಡುವಯಸ್ಸು ದಾಟಿದವರಿಗೆ ಸಭ್ಯತೆಯ ಪಾಠ ಹೇಳುವ ಈ ನಿಯಮ ಅವಮಾನಕರವೆಂಬ ಟೀಕೆ ಕೇಳಿಬಂದಿತಾದರೂ, ಪರಸ್ಪರ ಎದುರಾಗಿ ನಿಂತಂತೆ ಕಾಣುತ್ತಿದ್ದ ಎರಡು ಹಕ್ಕುಗಳಿಗೆ ಬೇರೆ ಬೇರೆ ಬಾಗಿಲುಗಳನ್ನು ಮಾಡಿಕೊಟ್ಟ ಉಪಾಯ ಗಮನಾರ್ಹ.

ಕೆನಡಾದ ಆಯ್ಕೆ

ಸಾಕ್ಷ್ಯದ ಒಡೆತನ ಹೇಳಿದವರದೇ ಎಂಬ ತತ್ವವನ್ನು ಅದರ ತುದಿಯವರೆಗೆ ಒಯ್ದದ್ದು ಕೆನಡಾ. ಮೂಲನಿವಾಸಿ ಮಕ್ಕಳನ್ನು ಮನೆಗಳಿಂದ ಎಳೆದೊಯ್ದು, ಅವರ ನುಡಿ ನಡೆಗಳನ್ನು ಮರೆಸಲು ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿ ಶಾಲೆಗಳಲ್ಲಿ ಗಂಭೀರ ದೌರ್ಜನ್ಯಕ್ಕೆ ಒಳಗಾದವರಿಗೆ ಪರಿಹಾರ ನಿರ್ಧರಿಸಲು ಏರ್ಪಟ್ಟ ಸ್ವತಂತ್ರ ಪ್ರಕ್ರಿಯೆಯ ಮುಂದೆ ಸುಮಾರು 38 ಸಾವಿರ ಅರ್ಜಿಗಳು ಬಂದಿದ್ದವು. ಅವು ಸರ್ಕಾರದ ದಾಖಲೆಗಳು, ಪತ್ರಾಗಾರಕ್ಕೆ ಸೇರಬೇಕೆಂದು ಸರ್ಕಾರ ವಾದಿಸಿದರೆ, ಗೋಪ್ಯತೆಯ ವಾಗ್ದಾನದಂತೆ ನಾಶವಾಗಬೇಕೆಂದು ಪ್ರಕ್ರಿಯೆಯ ಮುಖ್ಯ ನಿರ್ಣಾಯಕರು ವಾದಿಸಿದರು. 2017ರ ಅಕ್ಟೋಬರ್ 6ರಂದು ಅಲ್ಲಿನ ಸುಪ್ರೀಂ ಕೋರ್ಟ್, ದಾಖಲೆಗಳನ್ನು 2027ರ ಸೆಪ್ಟೆಂಬರ್ 19ರವರೆಗೆ ಇಟ್ಟು, ಅಷ್ಟರಲ್ಲಿ ಯಾರು ತಮ್ಮ ಕಡತವನ್ನು ವಿನಿಪೆಗ್‌ನಲ್ಲಿರುವ ಸತ್ಯ ಮತ್ತು ಸಂಧಾನದ ರಾಷ್ಟ್ರೀಯ ಕೇಂದ್ರದಲ್ಲಿ ಉಳಿಸಲು ಒಪ್ಪುತ್ತಾರೋ ಅವರದನ್ನು ಉಳಿಸಿ, ಮಿಕ್ಕವನ್ನು ನಾಶಪಡಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು.

ಆಯ್ಕೆಯನ್ನು ಬದುಕುಳಿದವರ ಕೈಗೇ ಕೊಟ್ಟದ್ದು ಈ ತೀರ್ಪಿನ ದೊಡ್ಡ ಗುಣ. ಆದರೆ ಮೌನವನ್ನು ನಾಶಕ್ಕೆ ಸಮ್ಮತಿಯೆಂದು ಎಣಿಸಿದ್ದರಿಂದ, ಈಗಾಗಲೇ ತೀರಿಕೊಂಡವರ, ಸೂಚನೆ ತಲುಪದ ದೂರದ ಊರುಗಳಲ್ಲಿರುವವರ, ಆ ನೆನಪನ್ನು ಮತ್ತೆ ಮುಟ್ಟಲಾರದವರ ಕಥೆಗಳೂ ಅಳಿಯುತ್ತವೆ. ಹಾಗಾಗಿ ಐರ್ಲೆಂಡ್ ಮತ್ತು ಕೆನಡಾ ಒಂದೇ ವಾಗ್ದಾನದಿಂದ ಹೊರಟು ಎದುರುಬದುರು ತುದಿಗಳನ್ನು ಮುಟ್ಟಿದಂತಾಯಿತು. ಒಂದೆಡೆ ಕೇಳದೆಯೇ ಮುಚ್ಚುವ ಮಸೂದೆ, ಇನ್ನೊಂದೆಡೆ ಉತ್ತರ ಬಾರದಿದ್ದರೆ ಸುಡುವ ಆದೇಶ.

ಉಳಿದಿದ್ದರೆ ತಾನೆ ಕೊಡುವುದು

ನೋಡುವ ಹಕ್ಕಿಗಿಂತ ಮೊದಲು ಉಳಿಸುವ ಕರ್ತವ್ಯ ಬರಬೇಕು. ಸಾವಿರಾರು ಹೆಣ್ಣುಮಕ್ಕಳನ್ನು ಸಂಬಳವಿಲ್ಲದೆ ಬಟ್ಟೆ ಒಗೆಯಲು ಹಚ್ಚಿದ್ದ ಐರ್ಲೆಂಡಿನ ಮ್ಯಾಗ್ಡಲೀನ್ ಲಾಂಡ್ರಿಗಳ ಬಗ್ಗೆ 2013ರ ಫೆಬ್ರುವರಿಯಲ್ಲಿ ವರದಿ ಕೊಟ್ಟ ಮ್ಯಾಕಲೀಸ್ ಸಮಿತಿ, 1922ರಿಂದ 1996ರವರೆಗೆ ಕನಿಷ್ಠ 10 ಸಾವಿರ ಮಹಿಳೆಯರು ಅಲ್ಲಿಗೆ ಸೇರಿದ್ದರೆಂದು ನಿರ್ಧರಿಸಿದ್ದು ಬಹುಮಟ್ಟಿಗೆ ಸನ್ಯಾಸಿನಿಯರ ಸಂಘಗಳು ತೋರಿಸಿದ ಪುಸ್ತಕಗಳಿಂದ. ಕೆಲಸ ಮುಗಿದ ಮೇಲೆ ಸಮಿತಿ ಮೂಲ ಪುಸ್ತಕಗಳನ್ನು ಆ ಸಂಘಗಳಿಗೇ ಹಿಂದಿರುಗಿಸಿ, ತನ್ನ ಬಳಿಯಿದ್ದ ಪ್ರತಿಗಳನ್ನು ನಾಶಮಾಡಿತು. ಖಾಸಗಿ ಸಂಸ್ಥೆಯ ಕಪಾಟಿನಲ್ಲಿರುವ ಕಾಗದಕ್ಕೆ ಪತ್ರಾಗಾರದ ಕಾಯ್ದೆ ಅನ್ವಯಿಸದಿರುವುದರಿಂದ, ಆ ಕಾಗದದ ಅಳಿವು ಉಳಿವು ಅದನ್ನು ಇಟ್ಟುಕೊಂಡವರ ಮರ್ಜಿಗೆ ಬಿಟ್ಟದ್ದು.

ನೆರೆಯ ಉತ್ತರ ಐರ್ಲೆಂಡ್ ಈ ಕಂದಕವನ್ನು ಮೊದಲು ಮುಚ್ಚಿತು. ಅಲ್ಲಿನ 2022ರ ದಾಖಲೆಗಳ ಸಂರಕ್ಷಣಾ ಕಾಯ್ದೆ, ತಾಯಿ-ಶಿಶು ಗೃಹ ಮತ್ತು ಲಾಂಡ್ರಿಗಳಂತಹ ಸಂಸ್ಥೆಗಳಿಗೆ ಸಂಬಂಧಿಸಿದ ದಾಖಲೆಗಳನ್ನು ಅವು ಯಾರ ವಶದಲ್ಲಿದ್ದರೂ ನಾಶಮಾಡುವುದನ್ನು ಅಪರಾಧವೆಂದು ಘೋಷಿಸಿತು. ಸ್ಕಾಟ್ಲೆಂಡಿನಲ್ಲಿ 2007ರ ಟಾಮ್ ಷಾ ಅವರ ಪರಿಶೀಲನಾ ವರದಿ ಮಕ್ಕಳ ವಸತಿ ಸಂಸ್ಥೆಗಳ ದಾಖಲೆಗಳ ದುಃಸ್ಥಿತಿಯನ್ನು ಬಯಲಿಗೆ ತಂದದ್ದೇ, 1937ರಿಂದ ಬದಲಾಗದಿದ್ದ ಹಳೆಯ ಕಾನೂನಿನ ಜಾಗದಲ್ಲಿ 2011ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಬರಲು ಕಾರಣವಾಯಿತು. ಸರ್ಕಾರದ ಕೆಲಸವನ್ನು ಗುತ್ತಿಗೆಯ ಮೇಲೆ ಮಾಡುವ ಖಾಸಗಿಯವರು ಹುಟ್ಟಿಸುವ ಕಾಗದವೂ ಅದರ ವ್ಯಾಪ್ತಿಗೆ ಬರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ವಿಚಾರಿಸಿದ ಆಸ್ಟ್ರೇಲಿಯಾದ ರಾಯಲ್ ಆಯೋಗ 2017ರ ತನ್ನ ಅಂತಿಮ ವರದಿಯಲ್ಲಿ, ಬಾಲ್ಯದ ಲೈಂಗಿಕ ದೌರ್ಜನ್ಯವನ್ನು ಬಾಯಿಬಿಟ್ಟು ಹೇಳಲು ಬದುಕುಳಿದವರು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರೆಂಬುದನ್ನು ಕಂಡುಕೊಂಡು, ಅಂತಹ ದೌರ್ಜನ್ಯಕ್ಕೆ ಸಂಬಂಧಿಸಿದ ದಾಖಲೆಗಳನ್ನು ಕನಿಷ್ಠ 45 ವರ್ಷ ಇಡಬೇಕೆಂದು ಶಿಫಾರಸು ಮಾಡಿತು. ಅದಕ್ಕಿಂತ ಮೊದಲೇ ಕಡತ ಕಸದ ಬುಟ್ಟಿ ಸೇರಿದರೆ, ಹೇಳುವ ಧೈರ್ಯ ಬರುವ ಹೊತ್ತಿಗೆ ಪುರಾವೆ ಇರುವುದಿಲ್ಲ.

ಈ ಅನುಭವಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ಇಂತಹ ಶಾಸನ ಯಾವ ಯಾವ ಅಂಶಗಳನ್ನು ಒಳಗೊಂಡಿರಬೇಕೆಂಬುದು ತಿಳಿಯುತ್ತದೆ. ಆಯೋಗ ನೇಮಕವಾದ ದಿನದಿಂದಲೇ, ದಾಖಲೆ ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ನಾಶಕ್ಕೆ ತಡೆಯಿರಬೇಕು. ವ್ಯಕ್ತಿಗತ ಕಡತವನ್ನು ಅದರಲ್ಲಿರುವವರಿಗೆ ಅವರ ಆಯುಸ್ಸಿನೊಳಗೆ ಕೊಡಬೇಕು, ಮೂರನೆಯವರ ಹೆಸರು ಅಡ್ಡ ಬಂದರೆ ಆ ಹೆಸರನ್ನಷ್ಟೇ ಮರೆಮಾಡಬೇಕು, ಕೊಡುವುದಿಲ್ಲವೆಂದರೆ ಅದನ್ನು ಪರಿಶೀಲಿಸಲು ಕಡತ ಇಟ್ಟುಕೊಂಡವರಲ್ಲದ ಸ್ವತಂತ್ರ ಪ್ರಾಧಿಕಾರ ಇರಬೇಕು. ಸಾಕ್ಷ್ಯ ಕೊಟ್ಟವರಿಗೆ ತಮ್ಮ ಮಾತಿನ ಪ್ರತಿಯನ್ನು ಕೊಟ್ಟು, ಅದನ್ನು ಮುಚ್ಚಬೇಕೋ, ಹೆಸರಿಲ್ಲದೆ ತೆರೆಯಬೇಕೋ, ಹೆಸರಿನೊಡನೆ ತೆರೆಯಬೇಕೋ ಎಂದು ಹೇಳಿಕೆ ಪಡೆಯುವ ದಿನವೇ ಕೇಳಬೇಕು, ಮುಂದೆ ಮನಸ್ಸು ಬದಲಾಯಿಸಲೂ ಅವಕಾಶವಿರಬೇಕು; ಉತ್ತರಿಸದೆ ತೀರಿಕೊಂಡವರ ಮಾತನ್ನು ಸುಡದೆ, ಹೆಸರು ಮರೆಸಿ ಕಾಯಬೇಕು. ಆಡಳಿತದ ಪತ್ರಗಳಿಗೆ ಸಾಕ್ಷಿಗಳ ಗೋಪ್ಯತೆಯ ಮರೆ ಸಿಗಬಾರದು, ಅವು ಇತರ ಸರ್ಕಾರಿ ದಾಖಲೆಗಳ ಹಾಗೆಯೇ ತೆರೆದುಕೊಳ್ಳಬೇಕು.

ಇವುಗಳಲ್ಲಿ ಯಾವುದೂ ಅಸಾಧ್ಯವಾದದ್ದಲ್ಲವೆಂಬುದಕ್ಕೆ ಟೂಮ್ ಪಟ್ಟಣದ 796 ಹೆಸರುಗಳೇ ಸಾಕ್ಷಿ. ಸಾವಿನ ನೋಂದಣಿ ಪುಸ್ತಕ ಯಾರು ಕೇಳಿದರೂ ಪ್ರತಿ ಕೊಡಬೇಕಾದ ಸಾರ್ವಜನಿಕ ದಾಖಲೆಯಾಗಿದ್ದರಿಂದಲೇ ಆ ಪಟ್ಟಿ ಹೊರಬಂತು. ಅದರ ಬೆನ್ನಿಗೇ ಆಯೋಗ ಬಂತು, 2022ರ ಸಾಂಸ್ಥಿಕ ಸಮಾಧಿಗಳ ಕಾಯ್ದೆ ಬಂತು, 2025ರ ಜುಲೈಯಲ್ಲಿ ಆ ನೆಲದ ಉತ್ಖನನವೂ ಆರಂಭವಾಯಿತು. ಸತ್ತ ಮಕ್ಕಳ ಕಾಗದವನ್ನು ಊರಿನವರೊಬ್ಬರು ಕಚೇರಿಯ ಕಿಟಕಿಯಲ್ಲಿ ಕೇಳಿ ಪಡೆಯಬಹುದಾಗಿದ್ದ ದೇಶದಲ್ಲಿ, ಅಂತಹ ಮನೆಗಳಿಂದ ಬದುಕಿ ಬಂದವರು ತಮ್ಮ ಕಾಗದವನ್ನು ಅದೇ ರೀತಿ ಕೇಳಿ ಪಡೆಯಲು ಹತ್ತಾರು ವರ್ಷ ಹೋರಾಡಬೇಕಾಯಿತು.